ಯರ್ರೆಪ್ಪ ಹೊರದ ಹರಕೆ

ಆದೋನಿ
10 ನವೆಂಬರ್ 2024

ತಾಯಿ ಜ್ಯೋತಿಗೆ,

ಸುಂಕಣ್ಣ ಮಾವನ ಆಶೀರ್ವಾದ. ಆಶೀರ್ವಾದಕ್ಕೂ ಅಂಚೆ ಚೀಟಿ ಹಚ್ಚುವ ಕಾಲ ಬಂತು ನೋಡು. ನೀನು ನಾಲ್ಕು ಸಲ ಫೋನ್ ಮಾಡಿದ್ದೆಯಂತೆ. ನಾನೂ ನಾಲ್ಕು ಸಲ ಎತ್ತಿ 'ಹಲೋ' ಅಂದೆ. ಆಮೇಲೆ ಆ ಡಬ್ಬಿಯೊಳಗೆ ಸೊಳ್ಳೆಯೊಂದು ಅತ್ತ ಹಾಗೆ ಆಯಿತು, ಅಷ್ಟೆ. ನಲವತ್ತು ವರ್ಷ ಜಿನ್ನಿಂಗ್ ಮಿಲ್ಲಿನ ಯಂತ್ರದ ಪಕ್ಕ ನಿಂತವನು ನಾನು. ಹತ್ತಿಯಿಂದ ಬೀಜ ಬೇರೆ ಮಾಡಿದ ಹಾಗೆ ಅದು ನನ್ನ ಕಿವಿಯಿಂದ ಸದ್ದು ಬೇರೆ ಮಾಡಿತು. ಈಗ ಎಡಗಿವಿಗೆ ಬಾಯಿಟ್ಟು ಕೂಗಿದರೆ ಒಂದಿಷ್ಟು, ತುಟಿ ನೋಡಿ ಒಂದಿಷ್ಟು, ಉಳಿದದ್ದು ನನ್ನ ಸ್ವಂತ ಕಲ್ಪನೆ. ಕಿವಿಯ ಗುಡಿಸು ಉದುರಿದರೆ ಕವಿ ಅಂತ ಸುಮ್ಮನೆ ಅಂದಿಲ್ಲ. ಅಂದವನು ನಾನೇ.

ಅದಕ್ಕೇ ಕಾಗದ ಬರಿ. ನಿನ್ನ ಕನ್ನಡ ತೆಲುಗಿನ ಹಾಗೆ ದುಂಡಗೆ ಬಂದರೂ ಪರವಾಗಿಲ್ಲ, ನಾನು ಉರುಳಿಸಿಕೊಂಡು ಓದುತ್ತೇನೆ.

ನಿಮ್ಮ ಲಿಂಗಕ್ಕತ್ತಿ ನನ್ನ ಎಡಗಿವಿಗೆ ಕೂಗಿ ಹೇಳಿದ ನಿನ್ನ ಪ್ರಶ್ನೆಗೆ ಬರುತ್ತೇನೆ. ಅಪ್ಪ ಫೋನಿನಲ್ಲಿ ಯಾಕೆ ಮಾತಾಡುವುದಿಲ್ಲ ಅಂತ ತಾನೆ? ನಿಮ್ಮಪ್ಪ ಯರ್ರೆಪ್ಪ ಮಾತು ಬಿಟ್ಟಿರುವುದು ನಿಜ. ದಸರೆ ಆದ ಎರಡನೇ ದಿನದಿಂದ ಉರುಕುಂದ ಈರಣ್ಣ ದೇವರ ಹೆಸರಲ್ಲಿ ಮೌನ ವ್ರತ, ನಲವತ್ತೆಂಟು ದಿನ. ಎದೆನೋವು ಹೋಗಲಿ ಅಂತ ಹರಕೆ. ಈ ಸುದ್ದಿಯನ್ನು ಯಾರು ಹೆತ್ತರು ಅಂತ ಕೇಳಬೇಡ. ತೊಟ್ಟಿಲು ತೂಗುತ್ತಿರುವುದಂತೂ ಇಡೀ ಓಣಿ.

ಅವನು ಊಟ ಬಿಟ್ಟರೆ ಉಪವಾಸ ಅನ್ನುತ್ತಾರೆ. ನಿದ್ದೆ ಬಾರದೆ ಕೂತರೆ ಜಪ ಅನ್ನುತ್ತಾರೆ. ಗೋಡೆ ನೋಡುತ್ತಾ ಮಧ್ಯಾಹ್ನ ಕಳೆದರೆ ಧ್ಯಾನ. ನಿಮ್ಮ ಲಿಂಗಕ್ಕತ್ತಿ ಅಂತೂ ಬಂದವರಿಗೆಲ್ಲ ಹೇಳುತ್ತಾಳೆ: "ನಮ್ಮಣ್ಣ ಸಾಮಾನ್ಯ ಅಲ್ಲ ಬಿಡ್ರಿ. ಒಳಗ ಏನೋ ಕಂಡಾನ."

ಇನ್ನೊಂದು ಸಂಗತಿ. ಅವನ ಹತ್ತಿ ಕೊಕ್ಕೆ ನಿನಗೆ ನೆನಪಿದೆಯಲ್ಲ? ಮಾರುಕಟ್ಟೆಗೆ ಬಂದ ಹತ್ತಿ ಮೂಟೆಯ ಅಂಡಿಗೆಗೆ ಚುಚ್ಚಿ ಒಂದು ಎಸಳು ಎಳೆದು, ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆಯುತ್ತಾ ಎಳೆಯುತ್ತಾ ಎಳೆಯ ಉದ್ದ ಹೇಳುತ್ತಿದ್ದನಲ್ಲ, ಆ ಕೊಕ್ಕೆ. ಮೂವತ್ತೈದು ವರ್ಷ ಯಾರಿಗೂ ಮುಟ್ಟಲು ಕೊಡದ್ದನ್ನು ಮೊನ್ನೆ ತಂದು ನನ್ನ ಕೈಯಲ್ಲಿಟ್ಟ. ಒಂದು ಮಾತಿಲ್ಲ. ನನಗೆ ಬೆನ್ನು ಕೆರೆದುಕೊಳ್ಳಲು ಬಹಳ ಅನುಕೂಲವಾಗಿದೆ.

ಈಗ ಹತ್ತಿಯ ಹಂಗಾಮು. ಮಾರುಕಟ್ಟೆಯ ಅಂಗಳದಲ್ಲಿ ಎಳೆಗಳು ತೇಲಾಡುತ್ತಿವೆ. ಬಿಸಿಲು ಬಿದ್ದಾಗ ಯಾರದೋ ಕನಸನ್ನು ಹಿಂಜಿ ಗಾಳಿಗೆ ಬಿಟ್ಟ ಹಾಗಿರುತ್ತದೆ. ಮೈಮೇಲೆ ಕೂರುತ್ತದೆ, ಊದಿದರೆ ಏಳುತ್ತದೆ.

ಇಂತಿ, ಕಿವಿಯಿಲ್ಲದೆ ಕಿವಿಮಾತು ಹೇಳುವ
ಸುಂಕಣ್ಣ ಮಾವ


ಕರ್ನೂಲು
22 ಡಿಸೆಂಬರ್ 2024

ಸುಂಕಣ್ಣ ಮಾವನಿಗೆ ನಾಗಜ್ಯೋತಿಯ ನಮಸ್ಕಾರ.

ಅಪ್ಪನನ್ನು ನಮ್ಮ ಮನೆಗೆ ಕರೆತಂದು ಹತ್ತು ದಿನವಾಯಿತು. ಎದೆಯ ಮೂರು ರಕ್ತನಾಳ ಕಟ್ಟಿಕೊಂಡಿವೆಯಂತೆ. ಜನವರಿ ಎಂಟಕ್ಕೆ ಬೈಪಾಸ್ ಆಪರೇಷನ್. ಡಾಕ್ಟರು ಕಾಗದದ ಮೇಲೆ ಹೃದಯದ ಚಿತ್ರ ಬರೆದು ಎಲ್ಲ ವಿವರಿಸಿದರು. ಅಪ್ಪ ಆ ಕಾಗದವನ್ನು ನೋಡಲಿಲ್ಲ, ಡಾಕ್ಟರರ ಪೆನ್ನಿನ ಮುಚ್ಚಳ ನೋಡುತ್ತಿದ್ದ.

ನಲವತ್ತೆಂಟು ದಿನ ಮುಗಿದ ಮೇಲೂ ಮಾತು ಯಾಕೆ ಬರಲಿಲ್ಲ ಅಂತ ನಾನು ಕೇಳಿದರೆ, ಲಿಂಗಕ್ಕತ್ತಿ ಫೋನಿನಲ್ಲಿ "ಇನ್ನೊಂದು ಮಂಡಲ ಹಿಡದಾನವ್ವ, ಆಪರೇಷನ್ ತನ. ನೀ ಬಾಯಿ ಬಿಡಸಾಕ ಹೋಗಬ್ಯಾಡ, ಕೆಟ್ಟದ್ದಾಗತೈತಿ" ಅಂದಳು. ನನಗೆ ಭಯವಾಯಿತು. ಸುಮ್ಮನಾದೆ.

ನಿನ್ನೆ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಒಂದು ಉದ್ದ ಕಾಗದ ಹಿಡಿದು ಬಂದಳು. ಆಪರೇಷನ್ನಿಗೆ ಮುಂಚೆ ಎಲ್ಲರನ್ನೂ ಕೇಳುವ ಪ್ರಶ್ನೆಗಳಂತೆ. "ನಿದ್ರ ಪಡ್ತುಂದಾ ಪೆದ್ದಾಯನಾ?" ಅಂತ ಶುರುಮಾಡಿದಳು. ನಿದ್ದೆ ಬರುತ್ತಾ, ಹಸಿವಾಗುತ್ತಾ, ಮೊದಲು ಇಷ್ಟವಿದ್ದದ್ದು ಈಗಲೂ ಇಷ್ಟವಾಗುತ್ತಾ, ಬದುಕಿ ಏನು ಪ್ರಯೋಜನ ಅನ್ನಿಸುತ್ತಾ. ಅಪ್ಪ ಅವಳ ಮುಖ ನೋಡಿದ. ಮಾವ, ಬಹಳ ದಿನದ ಮೇಲೆ ಒಬ್ಬರ ಮುಖವನ್ನು ನೇರವಾಗಿ ನೋಡಿದ. ಮೀಸೆ ಅಲುಗಿತು ಅನ್ನಿಸಿತು. ಅಷ್ಟರಲ್ಲಿ ನಾನೇ ಹೇಳಿಬಿಟ್ಟೆ, "ಅವರು ಮೌನ ವ್ರತದಾಗ ಅದಾರ್ರಿ" ಅಂತ. ನರ್ಸಮ್ಮ ಪೆನ್ನು ಇಟ್ಟು ಅಪ್ಪನಿಗೆ ಕೈಮುಗಿದಳು. ಉಳಿದ ಪ್ರಶ್ನೆ ಕೇಳಲಿಲ್ಲ. ಎಲ್ಲಕ್ಕೂ ಒಂದೇ ಗೀಟು ಎಳೆದು ಹೋದಳು.

ಹೊಲಿಗೆ ಅಂಗಡಿಯಲ್ಲಿ ಅರ್ಧ ದಿನ ರಜೆ ಹಾಕಿ ಬಂದಿದ್ದೆ. ಬೇಗ ಮುಗಿಯಿತಲ್ಲ ಅಂತ ಸಮಾಧಾನವಾಯಿತು. ಯಾಕೆ ಇದನ್ನೆಲ್ಲ ನಿನಗೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ನಾಗಜ್ಯೋತಿ


ಆದೋನಿ
30 ಡಿಸೆಂಬರ್ 2024

ಜ್ಯೋತಿ,

ಕಾಗದ ಸೇರಿತು. ಲಾರಿಗೆ ಬೈಪಾಸ್ ಅಂದರೆ ಊರೊಳಗೆ ಬರಬೇಡ, ಹೊರಗಿನಿಂದಲೇ ಹೋಗು ಅಂತ. ಎದೆಗೂ ಹಾಗೇನಾ? ಡಾಕ್ಟರನ್ನು ಕೇಳಿ ಬರಿ. ಈ ಹಾಸ್ಯ ಅಷ್ಟು ಚೆನ್ನಾಗಿಲ್ಲ, ನನಗೆ ಗೊತ್ತು. ಈ ವಾರ ಒಂದೂ ಚೆನ್ನಾಗಿ ಬರುತ್ತಿಲ್ಲ.

ಆ ನರ್ಸಮ್ಮನ ಕಾಗದದ ಪ್ರಶ್ನೆಗಳನ್ನು ಮೂರು ಸಲ ಓದಿದೆ. ಆಮೇಲೆ ಕೊಕ್ಕೆಯನ್ನು ತೆಗೆದು ನೋಡಿದೆ. ಹಿಡಿಕೆಯಲ್ಲಿ ಅವನ ಹೆಬ್ಬೆರಳ ಗುಂಡಿ ಬಿದ್ದಿದೆ. ನನ್ನ ಬೆರಳು ಅದಕ್ಕೆ ಕೂರುವುದಿಲ್ಲ.

ನನಗೊಂದು ಕನಸು ಬಿತ್ತು. ಮಾರುಕಟ್ಟೆ ಅಂಗಳದಲ್ಲಿ ಗುಡ್ಡದ ಹಾಗೆ ಹತ್ತಿ. ಅದರ ಮೇಲೆ ನಿಮ್ಮಪ್ಪ ನಡೆದು ಹೋಗುತ್ತಿದ್ದ, ಹೆಜ್ಜೆ ಗುರುತು ಬೀಳುತ್ತಿರಲಿಲ್ಲ. ಕನಸಿನಲ್ಲಿ ನನಗೆ ಕಿವಿ ಬಂದಿತ್ತು ತಾಯಿ. ಗುಬ್ಬಿ ಕೇಳಿಸುತ್ತಿತ್ತು, ಎತ್ತಿನ ಗೆಜ್ಜೆ ಕೇಳಿಸುತ್ತಿತ್ತು, ಸತ್ತು ಹೋದ ನಮ್ಮವ್ವ ಒಳಮನೆಯಲ್ಲಿ ಕೆಮ್ಮುವುದು ಕೂಡ ಕೇಳಿಸುತ್ತಿತ್ತು. ಅವನು ಮಾತ್ರ ತಿರುಗಿ ಏನೋ ಅಂದ, ಅದೊಂದು ಕೇಳಿಸಲಿಲ್ಲ. ಆಮೇಲೆ ಹತ್ತಿ ಮೆಲ್ಲಗೆ ಮೇಲೆದ್ದು ಮೋಡವಾಯಿತು, ಅವನೂ ಅದರ ಜತೆ.

ನಿನಗೊಂದು ಮಾತು ಹೇಳುವುದಿದೆ. ಕಾಗದದಲ್ಲಿ ಬೇಡ, ಆಪರೇಷನ್ ಆದ ಮೇಲೆ ಎದುರಿಗೆ ಹೇಳುತ್ತೇನೆ. ಅಪ್ಪನ ಎಡಗೈ ಹಿಡಿದುಕೊಂಡಿರು. ಬಲಗೈಯನ್ನು ನಾನು ಇಲ್ಲಿಂದಲೇ ಹಿಡಿದಿದ್ದೇನೆ ಅನ್ನು.

ಸುಂಕಣ್ಣ


ಕರ್ನೂಲು
22 ಜನವರಿ 2025

ಮಾವ,

ಆಪರೇಷನ್ ಚೆನ್ನಾಗಿ ಆಯಿತು. ಎದೆ ಈಗ ಹೊಸದರ ಹಾಗೆ ಬಡಿಯುತ್ತಿದೆ ಅಂತ ಡಾಕ್ಟರು ಅಂದರು. ಆದರೆ ಅಪ್ಪ ಏಳುತ್ತಿಲ್ಲ.

ಪಕ್ಕದ ಮಂಚದಲ್ಲಿ ದೇವನಕೊಂಡದ ನರಸಣ್ಣ ಅಂತ ಒಬ್ಬರಿದ್ದರು. ಅಪ್ಪನಿಗಿಂತ ಐದು ವರ್ಷ ದೊಡ್ಡವರು, ಮೇಲೆ ಸಕ್ಕರೆ ಕಾಯಿಲೆ. ಇಬ್ಬರಿಗೂ ಒಂದೇ ದಿನ ಆಪರೇಷನ್. ಆರನೇ ದಿನ ಆ ಮನುಷ್ಯ ಎದೆಗೆ ದಿಂಬು ಒತ್ತಿಕೊಂಡು ಕ್ಯಾಂಟೀನಿನ ತನಕ ನಡೆದು, ಮಿರ್ಚಿ ತಿನ್ನುವಾಗ ಸಿಕ್ಕಿಬಿದ್ದು ನರ್ಸಮ್ಮನಿಂದ ಬೈಸಿಕೊಂಡರು. "ಎದಿ ಕೊಯ್ದೀರಿ, ನಾಲಿಗಿ ಕೊಯ್ದಿಲ್ಲಲ್ಲವ್ವ!" ಅಂತ ಅವರ ಜವಾಬು. ವಾರ್ಡೆಲ್ಲ ನಕ್ಕಿತು. ಹತ್ತನೇ ದಿನ ಮನೆಗೆ ಹೋದರು. ಹೋಗುವಾಗ ಅಪ್ಪನ ಕಾಲು ಮುಟ್ಟಿ, "ಸ್ವಾಮೇರ, ನನಗೂ ಆಶೀರ್ವಾದ ಮಾಡ್ರಿ" ಅಂದರು. ಅಪ್ಪ ಕಣ್ಣು ಮುಚ್ಚಿಕೊಂಡ.

ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದಾರೆ, ಒಳಗೆ ಮೂರು ಚೆಂಡು. ನಳಿಕೆ ಬಾಯಲ್ಲಿಟ್ಟು ಉಸಿರು ಎಳೆದರೆ ಚೆಂಡು ಒಂದೊಂದಾಗಿ ಏಳಬೇಕು. ಹಾಗೆ ಮಾಡಿದರೇ ಪುಪ್ಪುಸ ಬಿಚ್ಚಿಕೊಳ್ಳುವುದು. ಅಪ್ಪ ನಳಿಕೆ ಇಟ್ಟುಕೊಳ್ಳುತ್ತಾನೆ, ಎಳೆಯುವುದಿಲ್ಲ. ಒಂದು ಚೆಂಡೂ ಏಳುವುದಿಲ್ಲ. ಪುಪ್ಪುಸದಲ್ಲಿ ನೀರು ಸೇರಿದೆ. ಜ್ವರ ಬರುತ್ತದೆ, ಹೋಗುತ್ತದೆ. ಗಾಯ ಒಣಗುತ್ತಿಲ್ಲ. ಎರಡು ಹೆಜ್ಜೆ ನಡೆಸಿದರೆ ಕೂತುಬಿಡುತ್ತಾನೆ. ನೋವಿದೆಯಾ ಅಂದರೆ ತಲೆಯನ್ನೂ ಆಡಿಸುವುದಿಲ್ಲ.

ಹದಿನೇಳನೇ ತಾರೀಕಿಗೆ ಎರಡು ಮಂಡಲ ಮುಗಿಯಿತು. ಲೆಕ್ಕ ಇಟ್ಟಿದ್ದೆ. ಬೆಳಿಗ್ಗೆ ತಲೆಸ್ನಾನ ಮಾಡಿ, ಮನೆಯಲ್ಲಿ ದೀಪ ಹಚ್ಚಿ, ಆಸ್ಪತ್ರೆಗೆ ಬಂದು ಅವನ ಹಣೆಗೆ ಭಂಡಾರ ಇಟ್ಟೆ. "ಅಪ್ಪಾ, ವ್ರತ ಮುಗೀತು. ಈಗ ಮಾತಾಡು. ನನ್ನ ಹೆಸರು ಹಿಡಿದು ಒಮ್ಮೆ ಕರಿ ಸಾಕು" ಅಂದೆ. ನನ್ನನ್ನೇ ನೋಡಿದ. ಕಣ್ಣಿಂದ ನೀರು ಬಂತು. ಮಾತು ಬರಲಿಲ್ಲ.

ಡಾಕ್ಟರು ಇವತ್ತು ನನ್ನನ್ನು ಪಕ್ಕಕ್ಕೆ ಕರೆದು, "ಆಪರೇಷನ್ನಿಗೆ ಮುಂಚೆ ಇವರು ಹೇಗಿದ್ದರು? ನಿಜ ಹೇಳಮ್ಮ" ಅಂದರು. ನಾನು ಹರಕೆಯ ವಿಷಯ ಹೇಳಿದೆ. "ಆ ಹರಕೆ ಹೊತ್ತಿದ್ದನ್ನು ನೀನು ಕಣ್ಣಾರೆ ನೋಡಿದ್ದೀಯಾ?" ಅಂದರು.

ನಾನು ನೋಡಿಲ್ಲ. ಲಿಂಗಕ್ಕತ್ತಿಯನ್ನು ಕೇಳಿದರೆ ಆಕಿಯೂ ನೋಡಿಲ್ಲ. "ಸುಂಕಣ್ಣ ಹೇಳಿದ್ದು" ಅಂದಳು.

ಮಾವ, ಎದುರಿಗೆ ಹೇಳುತ್ತೇನೆ ಅಂದಿದ್ದ ಮಾತು ಯಾವುದು? ಈಗಲೇ ಬರಿ.

ಜ್ಯೋತಿ


ಆದೋನಿ
27 ಜನವರಿ 2025

ಜ್ಯೋತಿ,

ಹರಕೆ ಇಲ್ಲ. ಯಾವತ್ತೂ ಇರಲಿಲ್ಲ. ಹುಟ್ಟಿಸಿದವನು ನಾನು.

ಪೂರ್ತಿ ಬರೆಯುತ್ತೇನೆ, ಡಾಕ್ಟರಿಗೆ ಓದಿ ಹೇಳು. ದಸರೆ ಆದ ಎರಡನೇ ದಿನ ಮಾರುಕಟ್ಟೆ ಗೇಟಿನ ಎರ್ರಿಸ್ವಾಮಿಯ ಚಹಾದಂಗಡಿಯಲ್ಲಿ ಕೂತಿದ್ದೆವು. ಅದಕ್ಕೂ ಎರಡು ತಿಂಗಳ ಮೊದಲಿಂದ ನಿಮ್ಮಪ್ಪನ ಮಾತು ಕಡಿಮೆಯಾಗುತ್ತಾ ಬಂದಿತ್ತು. ಬಾವಿಯ ನೀರು ಇಳಿದ ಹಾಗೆ, ದಿನಕ್ಕೆ ಒಂದು ಮೆಟ್ಟಿಲು. ಕಾರಣ ಏನು ಅಂದರೆ ನನಗೆ ಗೊತ್ತಿಲ್ಲ. ಎಳೆಯ ಉದ್ದ ಅಳೆಯಲು ಯಂತ್ರ ಬಂದದ್ದಕ್ಕೆ ಅಂದುಕೊಂಡೆ, ತೀರಿಕೊಂಡ ನಿಮ್ಮವ್ವನ ನೆನಪಿಗೆ ಅಂದುಕೊಂಡೆ. ಕೇಳಲಿಲ್ಲ. ಕೇಳಿದರೂ ನನಗೆ ಕೇಳಿಸುತ್ತಿರಲಿಲ್ಲ ಅನ್ನುವ ನೆಪ ಯಾವಾಗಲೂ ಜೇಬಲ್ಲಿತ್ತು.

ಹಮಾಲಿ ಚಂದ್ರ ನಗುತ್ತಾ, "ಏನ್ ಯರ್ರೆಪ್ಪಣ್ಣ, ಬಾಯಾಗ ಹತ್ತಿ ತುಂಬಿಕೊಂಡೀಯೇನು?" ಅಂದ. ನನ್ನ ಎಡಗಿವಿಯ ಹತ್ತಿರವೇ ಕೂತಿದ್ದರಿಂದ ಕೇಳಿಸಿತು. ಎಲ್ಲರೂ ನಿಮ್ಮಪ್ಪನ ಕಡೆ ತಿರುಗಿದರು. ಅವನು ಖಾಲಿ ಗ್ಲಾಸನ್ನೇ ಮುಖಕ್ಕೆ ಅಡ್ಡ ಹಿಡಿದ. ಅತ್ತುಬಿಡುತ್ತಾನೆ ಅನ್ನಿಸಿತು. ಗೆಳೆಯ ಹತ್ತು ಜನರ ಮುಂದೆ ಅಳಬಾರದು ಅಂತ ನಾನು ಎದ್ದು ನಿಂತು, "ಲೇ, ಮಾತಾಡಸಬ್ಯಾಡ್ರಿ! ಉರುಕುಂದ ಈರಣ್ಣಗ ಮೌನ ಹಿಡದಾನ. ಮಾತಾಡಿಸಿದವರ ನಾಲಿಗಿ ಹತ್ತಿ ಗಿಡದಂಗ ಕವಲೊಡಿತೈತಿ!" ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಚಂದ್ರ ಗ್ಲಾಸು ಕೆಳಗಿಟ್ಟು ಅವನ ಕಾಲಿಗೆ ಬಿದ್ದ.

ಅರವತ್ತೊಂಬತ್ತು ವರ್ಷದಲ್ಲಿ ನಾನು ಮಾಡಿದ ಹುಡುಗಾಟಗಳಲ್ಲಿ ಇಷ್ಟು ಚೆನ್ನಾಗಿ ನಡೆದದ್ದು ಇನ್ನೊಂದಿಲ್ಲ. ಮರುದಿನ ಲಿಂಗಕ್ಕ ದೀಪ ಹಚ್ಚಿದಳು. ಮೂರನೇ ದಿನ ತೆಂಗಿನಕಾಯಿ ಬಂದವು. ನಾನು ಒಳಗೊಳಗೇ ಕುಣಿದೆ. ನಲವತ್ತೆಂಟು ದಿನ, ಎದೆನೋವು, ಎರಡನೇ ಮಂಡಲ ಎಲ್ಲ ಓಣಿಯೇ ಪೋಣಿಸಿಕೊಂಡಿತು, ನಾನು ತಡೆಯಲಿಲ್ಲ.

ಇನ್ನೊಂದಿದೆ. ಇದನ್ನು ಬರೆಯುವುದಕ್ಕೆ ಎರಡು ದಿನ ಬೇಕಾಯಿತು. ನವೆಂಬರಿನಲ್ಲಿ, ಕೊಕ್ಕೆ ಕೊಟ್ಟ ಸಂಜೆ, ಅವನ ಮನೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರೇ ಕೂತಿದ್ದೆವು. ನಾನು ಹೊರಡಲು ಎದ್ದೆ. ಆಗ ಅವನು ಮಾತಾಡಿದ. ಮೀಸೆ ಅಲುಗಿತು, ಗಂಟಲು ಅಲುಗಿತು. ನಿಮ್ಮಪ್ಪನ ಮೀಸೆ ತುಟಿಯನ್ನೇ ಮುಚ್ಚುತ್ತದೆ, ಓದಲು ಬರುವುದಿಲ್ಲ. ಕಿವಿ ಹತ್ತಿರ ತರಬೇಕು ಅನ್ನುವಷ್ಟರಲ್ಲಿ ಇಬ್ಬರು ಹೆಂಗಸರು ಕಾಯಿ ಹಿಡಿದು ಬರುವುದು ಕಂಡಿತು. ನನ್ನ ನಾಟಕ ಕೆಡುತ್ತದಲ್ಲ! ಬೆರಳು ತುಟಿಗಿಟ್ಟು, "ಶ್! ವ್ರತ ಕೆಡತೈತಿ ಸ್ವಾಮಿ" ಅಂದು ಕಣ್ಣು ಹೊಡೆದೆ. ಅವನು ಬಾಯಿ ಮುಚ್ಚಿದ.

ಆಮೇಲೆ ಅವನು ಮಾತಾಡಲು ಹೊರಟದ್ದನ್ನು ನಾನು ಕಂಡಿಲ್ಲ.

ಎದೆಗೆ ಬೈಪಾಸ್ ಅಂದರೆ ಏನು ಅಂತ ಕೇಳಿದ್ದೆನಲ್ಲ, ನನಗೇ ಗೊತ್ತಾಯಿತು. ನಾವೆಲ್ಲ ಅವನ ಎದೆಯೊಳಗೆ ಬರದೆ ಹೊರಗಿನಿಂದಲೇ ಹೋದೆವು, ಕೈಮುಗಿದುಕೊಂಡು.

ಸುಂಕಣ್ಣ


ಕರ್ನೂಲು
2 ಫೆಬ್ರವರಿ 2025

ಸುಂಕಣ್ಣನವರಿಗೆ,

ನಿಮ್ಮ ಕಾಗದವನ್ನು ಡಾಕ್ಟರಿಗೆ ಓದಿ ಹೇಳಿದೆ. ಅವರು ಬೈಯಲಿಲ್ಲ. "ಎದೆ ಹೊಲಿಯುವುದು ನಮ್ಮ ಕೆಲಸ. ಹೊಲಿದದ್ದು ಕೂಡಿಕೊಳ್ಳುವುದಕ್ಕೆ ರೋಗಿ ಉಸಿರು ಎಳೆಯಬೇಕು, ಉಣ್ಣಬೇಕು, ನಡೆಯಬೇಕು. ಅದಕ್ಕೆ ಮನಸ್ಸು ಬೇಕು. ಇವರ ಮನಸ್ಸು ಆಪರೇಷನ್ ಟೇಬಲ್ ಹತ್ತುವ ಮೊದಲೇ ಮಲಗಿಬಿಟ್ಟಿತ್ತು. ಇದೂ ಕಾಯಿಲೆ, ಖಿನ್ನತೆ ಅಂತ. ಮೊದಲೇ ಗೊತ್ತಾಗಿದ್ದರೆ ಎರಡಕ್ಕೂ ಒಟ್ಟಿಗೇ ಔಷಧಿ ಶುರುಮಾಡುತ್ತಿದ್ದೆವು" ಅಂದರು. ಯಾಕೆ ಬಂತು ಅಂತ ಕೇಳಿದೆ. "ಜ್ವರ ಬಂದವರನ್ನು ಯಾಕೆ ಬಂತು ಅಂತ ಕೇಳುತ್ತಾ ಕೂರುತ್ತೀರಾ?" ಅಂದರು.

ಮನಸ್ಸಿನ ಡಾಕ್ಟರಮ್ಮ ದಿನ ಬಿಟ್ಟು ದಿನ ಬಂದು ಅಪ್ಪನ ಪಕ್ಕ ಕೂರುತ್ತಾರೆ. ಮಾತ್ರೆ ಶುರುವಾಗಿದೆ. ಅದು ಕೆಲಸ ಮಾಡಲು ವಾರಗಟ್ಟಲೆ ಬೇಕಂತೆ. ಅಷ್ಟರೊಳಗೆ ಪುಪ್ಪುಸ ಬಿಚ್ಚಿಕೊಳ್ಳದಿದ್ದರೆ ಅಂತ ನಾನು ಕೇಳಿದ್ದಕ್ಕೆ ಡಾಕ್ಟರಮ್ಮ ಚೆಂಡಿನ ಡಬ್ಬಿಯನ್ನು ಅಪ್ಪನ ಕೈಗೆ ಇನ್ನಷ್ಟು ಹತ್ತಿರ ಸರಿಸಿಟ್ಟರು.

ನರ್ಸಮ್ಮ ಕಾಗದ ಹಿಡಿದು ಬಂದಾಗ ಅಪ್ಪನ ಬಾಯಿ ಮುಚ್ಚಿಸಿದವಳು ನಾನೂ ಹೌದು. ಅದಕ್ಕೇ ನಿಮ್ಮ ಮೇಲೆ ಇನ್ನೂ ಹೆಚ್ಚು ಸಿಟ್ಟು.

ನನಗೆ ಬರೆಯಬೇಡಿ. ಬರೆಯುವುದಿದ್ದರೆ ಅಪ್ಪನಿಗೇ ಬರೆಯಿರಿ.

ನಾಗಜ್ಯೋತಿ


ಆದೋನಿ
1 ಮಾರ್ಚ್ 2025

ಲೇ ಯರ್ರೆಪ್ಪಾ,

ನಾನು ಸುಂಕ. ಸುಂಕ ಕಟ್ಟುತ್ತಿದ್ದೇನೆ, ಕೇಳು. ಜ್ಯೋತಿ ಓದಿ ಹೇಳಬಹುದು, ಇಲ್ಲ ನೀನೇ ಓದಬಹುದು. ಅವಸರವಿಲ್ಲ.

ನಾನು ಎರ್ರಿಸ್ವಾಮಿಯ ಅಂಗಡಿಗೆ ಹೋಗಿ, ಅವತ್ತು ನಿಂತ ಜಾಗದಲ್ಲೇ ನಿಂತು, ಹರಕೆ ಸುಳ್ಳು, ಹುಟ್ಟಿಸಿದ್ದು ನಾನೇ, ಅವನು ಕಾಯಿಲೆ ಬಿದ್ದಿದ್ದ ಅಂತ ಎಲ್ಲ ಹೇಳಿದೆ. ಒಬ್ಬರೂ ನಂಬಲಿಲ್ಲ! ಎರ್ರಿಸ್ವಾಮಿ ನನ್ನ ಎಡಗಿವಿಗೆ ಬಾಯಿಟ್ಟು, "ನೀ ಖರೇ ಹೇಳಾಕ ಶುರು ಮಾಡಿದ್ರ ನಾವು ಯಾವುದನ್ನ ನಂಬಬೇಕೋ ಮಾರಾಯ?" ಅಂದ. ಚಂದ್ರ, "ಗೆಳೆಯ ದೊಡ್ಡಾವ ಆದ ಅಂತ ಹೊಟ್ಟಿಕಿಚ್ಚು ಇವಗ" ಅಂದ. ನಿನ್ನ ತಂಗಿ ಲಿಂಗಕ್ಕ ಮಾತ್ರ ನಂಬಿದಳು. ನಂಬಿದ್ದಕ್ಕೆ ಸಾಕ್ಷಿಯಾಗಿ ಸೌಟು ಎಸೆದಳು. "ಮುದಿ ಕ್ವಾತಿ! ನಾ ಅವಗ ಗಂಜಿ ಕುಡಿಸೋದು ಬಿಟ್ಟು ಕಾಯಿ ಒಡಸ್ತಿದ್ದೆನಲ್ಲೋ!" ಅಂತ ಅತ್ತಳು.

ಕೊನೆಗೆ ನಮ್ಮ ಓಣಿಯ ಮಠದ ಪಂಚಾಕ್ಷರಯ್ಯನವರ ಹತ್ತಿರ ಹೋದೆ. ಅವರು ಎಲ್ಲ ಕೇಳಿ ಸ್ಲೇಟಿನ ಮೇಲೆ ಬರೆದು ತೋರಿಸಿದರು: "ಹೊತ್ತವನ ಬಾಯಿಂದ ಬಂದರೆ ಹರಕೆ, ಮಂದಿ ಬಾಯಿಂದ ಬಂದರೆ ಹರಟೆ." ನನಗಿಂತ ಚೆನ್ನಾಗಿ ಹೇಳಿದರಲ್ಲ ಅಂತ ಆ ದುಃಖದಲ್ಲೂ ಹೊಟ್ಟೆ ಉರಿಯಿತು. ಆಮೇಲೆ ಇನ್ನೊಂದು ಬರೆದರು: "ಹುಟ್ಟಿಸಿದವನೇ ಹೊರಬೇಕು. ಒಂದು ಮಂಡಲ. ಆಗ ಅವನ ಮೇಲಿಂದ ಇಳಿಯುತ್ತದೆ."

ಹಾಗಾಗಿ ಫೆಬ್ರವರಿ ಹತ್ತರಿಂದ ನನ್ನ ಬಾಯಿಗೆ ಬೀಗ. ಆದೋನಿ ನಕ್ಕಿತು. ಪಂದ್ಯ ಕಟ್ಟಿದರು. ಮೂರನೇ ದಿನಕ್ಕೆ ಯಾರೋ ಕಾಲು ಮುಟ್ಟಿದರು. ಹತ್ತನೇ ದಿನಕ್ಕೆ ಯಾರೂ ನನ್ನ ಕಡೆ ನೋಡುವುದು ಬಿಟ್ಟರು. ಚಹಾ ತಂದಿಡುತ್ತಾರೆ, ಕೈಮುಗಿಯುತ್ತಾರೆ, ಹೋಗುತ್ತಾರೆ. ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಕೂತರೆ ಊರು ನೀರಿನ ಕೆಳಗೆ ಇದ್ದ ಹಾಗೆ ಕಾಣುತ್ತದೆ. ಆಟೋಗಳು ಮೀನಿನ ಹಾಗೆ ಹೋಗುತ್ತವೆ. ಹತ್ತಿಯ ಎಳೆಗಳು ನನ್ನ ತೊಡೆಯ ಮೇಲೆ ಇಳಿಯುತ್ತವೆ, ನಾನು ಊದುವುದಿಲ್ಲ. ಇಷ್ಟು ದಿನ ನೀನು ಇಲ್ಲಿದ್ದೆಯಾ ಯರ್ರೆಪ್ಪಾ? ನಾನು ದಡದ ಮೇಲೆ ನಿಂತು ತಮಾಷೆ ಮಾಡುತ್ತಿದ್ದೆನಾ?

ನನಗೆ ಇದು ನಲವತ್ತೆಂಟು ದಿನ. ಎಣಿಸಿದರೆ ಮುಗಿಯುತ್ತದೆ. ನಿನಗೆ ಎಣಿಕೆಯೇ ಇರಲಿಲ್ಲ.

ಒಂದೇ ಒಂದು ಕೇಳುತ್ತೇನೆ. ಆ ಸಂಜೆ ಕಟ್ಟೆಯ ಮೇಲೆ ನೀನು ಏನಂದೆ? ಯಾವಾಗಲಾದರೂ ಹೇಳು. ಬೈಗುಳವಾದರೂ ಸರಿ.

ಕಾಗದದ ಮಡಿಕೆಯಲ್ಲಿ ಒಂದು ಎಸಳು ಹತ್ತಿ ಇಟ್ಟಿದ್ದೇನೆ. ಈ ವರ್ಷದ ಹಂಗಾಮಿನಲ್ಲಿ ಇದೇ ಶ್ರೇಷ್ಠ ಅಂತ ಅಂಗಳವೆಲ್ಲ ಹೊಗಳಿತು. ಯಂತ್ರ ಇಪ್ಪತ್ತೊಂಬತ್ತು ಮಿಲಿಮೀಟರ್ ಅಂದಿತು, ನಾನು ಮೂವತ್ತು ಅಂದೆ. ನೀನೊಮ್ಮೆ ಎಳೆದು ನೋಡು.

ಬಾಯಿ ಕಟ್ಟಿಕೊಂಡ
ಸುಂಕ


ಕರ್ನೂಲು
19 ಮಾರ್ಚ್ 2025

ಮಾವ,

ಬರೆಯಬಾರದು ಅಂದುಕೊಂಡಿದ್ದೆ. ಕೈ ಕೇಳುತ್ತಿಲ್ಲ.

ನಿನ್ನ ಕಾಗದವನ್ನು ನಾನೇ ಓದಿ ಹೇಳಿದೆ. ಅಪ್ಪ ಗೋಡೆ ನೋಡುತ್ತಿದ್ದ. ಹತ್ತಿಯನ್ನು ಅಂಗೈಯಲ್ಲಿಟ್ಟೆ, ಹಿಡಿಯಲಿಲ್ಲ. ಅದು ಮೂರು ದಿನ ಮಂಚದ ಪಕ್ಕದ ಮೇಜಿನ ಮೇಲೆಯೇ ಇತ್ತು. ಫ್ಯಾನಿನ ಗಾಳಿಗೆ ಹಾರಬಾರದು ಅಂತ ಮಾತ್ರೆ ಡಬ್ಬಿ ಹೇರಿದ್ದೆ.

ಆ ಹೊತ್ತಿಗೆ ಮಾತ್ರೆ ಶುರುವಾಗಿ ಐದು ವಾರವಾಗಿತ್ತು. ಜ್ವರ ಬಿಟ್ಟಿತ್ತು, ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ. ಡಾಕ್ಟರಮ್ಮ ಪ್ರಶ್ನೆ ಕೇಳಿದರೆ ಬೆರಳಿನಿಂದ ಹೌದು, ಇಲ್ಲ ಅಂತ ತೋರಿಸುತ್ತಿದ್ದ. ಆದ್ದರಿಂದ ಎಲ್ಲವನ್ನೂ ನಿನ್ನ ಹತ್ತಿಯ ಲೆಕ್ಕಕ್ಕೆ ಬರೆದುಕೊಳ್ಳಬೇಡ.

ನಾಲ್ಕನೇ ದಿನ ಬೆಳಿಗ್ಗೆ ನಾನು ಗಂಜಿ ಆರಿಸುತ್ತಿದ್ದೆ. ಹಿಂತಿರುಗಿ ನೋಡಿದರೆ ಅವನ ಎರಡೂ ಹೆಬ್ಬೆರಳು ಅಲುಗುತ್ತಿವೆ. ಹತ್ತಿಯ ಎಸಳು ಹಿಡಿದು ಎಳೆಯುತ್ತಿದ್ದ, ಅಂಗಳದಲ್ಲಿ ಎಳೆಯುತ್ತಿದ್ದ ಹಾಗೆಯೇ. ಒಮ್ಮೆ ಎಳೆದ. ಜಾರಿತು. ಮತ್ತೆ ಜೋಡಿಸಿ ಎಳೆದ. ಮತ್ತೆ ಜಾರಿತು. ಹುಬ್ಬು ಗಂಟಿಕ್ಕಿ ಕಿಟಕಿಯ ಬೆಳಕಿಗೆ ಹಿಡಿದ, ಮೂಸಿ ನೋಡಿದ. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡ. ಗಂಟಲಿಂದ ಏನೋ ಸದ್ದು ಬಂತು. ನನ್ನ ಕೈಯಿಂದ ಗಂಜಿ ಬಿತ್ತು ಮಾವ, ಹೊಲಿಗೆ ಬಿಚ್ಚಿತು, ಮುಗಿಯಿತು ಅಂದುಕೊಂಡೆ. ದಿಂಬು ಕೊಟ್ಟೆ. ಅದನ್ನು ಎದೆಗೆ ಒತ್ತಿಕೊಂಡು ಅಲುಗಾಡಿದ.

ನಗುತ್ತಿದ್ದ.

ಆಮೇಲೆ ಅಂದ, ಧ್ವನಿ ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು: "ಬೂರಗದ ಹತ್ತಿ. ಕಳ್ಳ ನನ್ಮಗ. ತಲಿದಿಂಬು ಹರದು ಕಳಸ್ಯಾನ."

ಬೂರುಗದ ಹತ್ತಿ ಜಾರುತ್ತದೆ, ಅದರಲ್ಲಿ ನೂಲು ತೆಗೆಯುವ ಎಳೆಯೇ ಇರುವುದಿಲ್ಲ ಅಂತ ನನಗೂ ಅವನೇ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದ. ಐದು ತಿಂಗಳ ಮೇಲೆ ಅಪ್ಪ ಆಡಿದ ಮೊದಲ ಮಾತು ನಿನಗೆ ಬೈಗುಳ. ಎರಡನೆಯದು, "ಜ್ಯೋತಿ, ಗಂಜಿ ಚೆಲ್ಲೀಯಲ್ಲ."

ಅವತ್ತು ಸಂಜೆ ಡಬ್ಬಿಯ ನಳಿಕೆ ಬಾಯಿಗಿಟ್ಟು ಎಳೆದ. ಒಂದು ಚೆಂಡು ಎದ್ದಿತು. ಬಿದ್ದಿತು. ಮತ್ತೆ ಎದ್ದಿತು. ನಾಳೆ ಮನೆಗೆ ಬಿಡುತ್ತಾರಂತೆ.

ನಿನ್ನ ಮೇಲಿನ ಸಿಟ್ಟು ಇನ್ನೂ ಇದೆ. ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಿದ್ದೇನೆ, ಮಾತ್ರೆಯ ಹಾಗೆ.

ಜ್ಯೋತಿ


ಕರ್ನೂಲು
6 ಏಪ್ರಿಲ್ 2025

ಸುಂಕಾ,

ನಿನ್ನಂಗ ಬಣ್ಣ ಕಟ್ಟಿ ಬರಿಯಾಕ ನನಗ ಬರಂಗಿಲ್ಲ. ಮಾತಾಡಿದಂಗ ಬರೀತೀನಿ.

ಯುಗಾದಿ ಹಿಂದಿನ ದಿನ ನಿನ್ನ ಮೌನ ಮುಗೀತಂತ ಲಿಂಗಕ್ಕ ಹೇಳಿದಳು. ಆದೋನಿ ಮಂದಿ ಈಗ ಕಿವ್ಯಾಗ ಹತ್ತಿ ಇಟ್ಕೊಂಡಿರಬೇಕು.

ಮುಂಜಾನಿ ಜ್ಯೋತಿ ಕೂಡ ಓಣಿ ತುದಿ ತನ ನಡಿತೀನಿ. ಅಲ್ಲೊಂದು ಬೇವಿನ ಗಿಡ ಐತಿ, ಮುಟ್ಟಿ ವಾಪಸ್ ಬರ್ತೀನಿ. ಎರಡು ಚೆಂಡು ಏಳ್ತಾವ, ಮೂರನೇದು ಇನ್ನಾ ಏಳವಲ್ದು. ಎಲ್ಲಾ ಚಲೋ ಆತು ಅಂತ ಬರಿಯಂಗಿಲ್ಲ. ಕೆಲವೊಂದು ದಿನ ಕಣ್ಣು ತೆರದ ಕೂಡಲೆ ಎದಿ ಮ್ಯಾಲ ತೊಯ್ದ ಹತ್ತಿ ಅಂಡಗಿ ಇಟ್ಟಂಗ ಇರತೈತಿ. ಆದ್ರ ಈಗ "ಜ್ಯೋತಿ, ಇವತ್ತು ಭಾರ ಐತಿ" ಅಂತೀನಿ. ಆಕಿ ಡಾಕ್ಟರಮ್ಮಗ ಹೇಳ್ತಾಳ. ಮೊದಲ ಇದಕ್ಕ ಏನನ್ನಬೇಕಂತ ನನಗ ಗೊತ್ತಿದ್ದಿಲ್ಲ. ನೀ ಒಂದು ಹೆಸರು ಕೊಟ್ಟಿ, ತಪ್ಪು ಹೆಸರು. ಖರೇ ಹೇಳ್ತೀನಿ ಸುಂಕಾ, ಆವಾಗ ನನಗೂ ಅದು ಚಲೋ ಅನ್ನಿಸ್ತು. ಇನ್ನ ಯಾರೂ ಏನೂ ಕೇಳಂಗಿಲ್ಲ, ಕುಂತಲ್ಲೇ ಕುಂದ್ರಬಹುದು ಅಂತ. ಹರಕಿ ನೀ ಕಟ್ಟಿದ್ರ, ಗಂಟು ನಾನೂ ಬಿಗಿ ಮಾಡೀನಿ. ಪೂರಾ ನಿನ್ನ ತಲಿ ಮ್ಯಾಲ ಹಾಕ್ಕೋಬ್ಯಾಡ.

ಆಪರೇಷನ್ ದಿನ ಸೂಜಿ ಚುಚ್ಚಿದ ಮ್ಯಾಲ ನನಗೂ ಒಂದು ಕನಸು ಬಿತ್ತು. ಜ್ಯೋತಿ ಓದಿ ಹೇಳಿದ ನಿನ್ನ ಕನಸಿನಂಗ ಹತ್ತಿ ಗುಡ್ಡ. ಮ್ಯಾಲ ಏರಿ ಹೊಂಟಿದ್ದೆ, ಭಾಳ ಹಗುರ ಇತ್ತು, ಎಲ್ಲೂ ನೋವಿಲ್ಲ. ವಾಪಸ್ ಬರಬೇಕಂತ ಮನಸ್ಸಿದ್ದಿಲ್ಲ. ಹಿಂದ ತಿರುಗಿ ನೋಡಿದರ ಕೆಳಗ ನೀ ಬಾಯಿ ತೆರಕೊಂಡು ನಿಂತಿದ್ದಿ, ಗಾಳ್ಯಾಗ ಬರೋ ಎಳಿ ಎಲ್ಲಾ ನಿನ್ನ ಬಾಯಾಗ ಹೋಗ್ತಿದ್ದವು. ಅದನ್ನ ನೋಡಿ ಒಂದೀಟು ನಿಂತೆ.

ನೀ ಕೇಳಿದ್ದಿ, ಆ ದಿನ ಕಟ್ಟಿ ಮ್ಯಾಲ ಏನಂದಿ ಅಂತ. ದೊಡ್ಡ ಮಾತಲ್ಲ. "ಹೋಗಬ್ಯಾಡೋ, ಇನ್ನೊಂದೀಟು ಹೊತ್ತು ಕುಂದ್ರು" ಅಂದಿದ್ದೆ. ಅಷ್ಟ.

ನಿನಗ ಕೇಳಲಿಲ್ಲ. ಶ್ ಅಂದಿ, ಕಣ್ಣು ಹೊಡದಿ. ಆದ್ರ ಎದ್ದು ಹೊಂಟಾವ ಹೋಗಲಿಲ್ಲ. ಆ ಹೆಣ್ಣುಮಕ್ಕಳು ಕಾಯಿ ಒಡಿಸಿಕೊಂಡು ಹೋದ ಮ್ಯಾಲೂ ಲಿಂಗಕ್ಕ ದೀಪ ಹಚ್ಚೋ ತನ ನನ್ನ ಬಾಜೂಕ ಕುಂತಿದ್ದಿ. ನಿನಗ ನೆನಪಿಲ್ಲ, ನನಗ ಐತಿ.

ನನ್ನ ಕೊಕ್ಕಿ ವಾಪಸ್ ಕಳಸು. ಮುಂದಿನ ಹಂಗಾಮಿಗೆ ಬೇಕು. ಬೆನ್ನು ಕೆರಕೊಳ್ಳಾಕ ಬ್ಯಾರೆ ಏನರ ನೋಡ್ಕೊ.

ಯರ್ರೆಪ್ಪ